ಬಂಡೆ ಮೇಲಿಂದ ಹೊಡೆದ ಡಾರ್ಟ್

ಜೋಗಿಮಟ್ಟಿ ತಪ್ಪಲಿನ ಮೆಕ್ಕೆಜೋಳದ ಹೊಲಕ್ಕೆ ಕರಡಿ ಬಂದಿದೆ ಅಂತ ಫೋನ್ ಬಂತು. ಅರಿವಳಿಕೆ ಡಾರ್ಟ್ ಹೊಡೆದು ಪ್ರಾಣಿ ಹಿಡಿಯುವ ನಮ್ಮ ತಂಡ ಹೋಗುವಷ್ಟರಲ್ಲಿ ಅದು ಬಂಡೆ ಸಂದಿ ಸೇರಿತ್ತು. ಊರಿಗೆ ಊರೇ ಮೊಬೈಲ್ ಹಿಡಿದು ನಿಂತಿತ್ತು.

ಕಿಟ್‌ನಲ್ಲಿ ಲೇಸರ್ ಬಿಟ್ಟು ದೂರ ಅಳೆಯುವ ಹೊಸ ರೇಂಜ್‌ಫೈಂಡರ್ ಇತ್ತು. ಜೊತೆಗೆ ಸಾಹೇಬರು ಗ್ರೂಪಿಗೆ ಹಾಕಿದ, ಗುಂಡು ಎಷ್ಟು ದೂರಕ್ಕೆ ಎಷ್ಟು ಕೆಳಗೆ ಬೀಳುತ್ತದೆ ಅಂತ ಲೆಕ್ಕ ಹಾಕುವ ಬ್ಯಾಲಿಸ್ಟಿಕ್ ಕ್ಯಾಲ್ಕ್ಯುಲೇಟರ್ ಆಪ್. ಅದು ಹೊರದೇಶದ ಬೇಟೆಗಾರರಿಗೆ ಮಾಡಿದ್ದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೇಟೆಯೇ ಅಪರಾಧ, ಆಪ್ ಮಾತ್ರ ಕಡ್ಡಾಯ! ಅದು ಕೇಳುವುದು ರೈಫಲ್ ಗುಂಡಿನ ತೂಕ, ವೇಗ. 300 ಮೀಟರ್ ಆಚೆಯ ಜಿಂಕೆಗೆ ಸರಿ ಇರಬಹುದು. ನಮ್ಮ ಡಾರ್ಟ್, ಅಂದರೆ ಬಾಲಕ್ಕೆ ಉಣ್ಣೆ ಕುಚ್ಚು ಕಟ್ಟಿ ಔಷಧಿ ತುಂಬಿದ ಸಿರಿಂಜಿಗೆ ಅದೇನು ಹೇಳೀತು? ನಮಗೆ ಗತಿ, ಇಷ್ಟು ದೂರಕ್ಕೆ ಇಷ್ಟು ಒತ್ತಡ ಅಂತ ಹೇಳುವ, ಗನ್ ಜೊತೆ ಬಂದ ಚಾರ್ಟೇ.

ಬಂಡೆ ಹತ್ತಿ ಲೇಸರ್ ಒತ್ತಿದೆ. 17 ಮೀಟರ್ ಅಂತು. ಸ್ವಲ್ಪ ಪಕ್ಕಕ್ಕೆ ಸರಿದು ಒತ್ತಿದೆ. 30. ಮೊದಲನೆಯದು ಮುಂದಿದ್ದ ಲಂಟಾನ ಕಡ್ಡಿಯ ಅಳತೆ. ಆ ತಪ್ಪು ಹಿಡಿದೆ ಅಂತ ಒಳಗೊಳಗೇ ಬೀಗಿದೆ ಕೂಡ.

"ಸಾರ್, ಎಷ್ಟು ಬಾರ್ ಹಾಕ್ಲಿ?" ವಾಚರ್ ಕೇಳಿದರು. ಬಾರ್ ಅಂದರೆ ಡಾರ್ಟ್ ತಳ್ಳುವ ಒತ್ತಡದ ಅಳತೆ.

"30ರದ್ದೇ ಹಾಕಿ."

ನನ್ನ ತಲೆಯಲ್ಲಿ ಇದ್ದದ್ದು ಗಾಳಿ ಒಂದೇ. ಗುಡ್ಡದ ಮೇಲೆ ಗಾಳಿಯಂತ್ರಗಳು ಬರಬರ ತಿರುಗುತ್ತಿದ್ದವು. ಕರಡಿ ಇದ್ದ ಸಂದಿಯಲ್ಲಿ ಮಾತ್ರ ಒಂದು ಹುಲ್ಲುಕಡ್ಡಿಯೂ ಅಲ್ಲಾಡುತ್ತಿರಲಿಲ್ಲ. ಎಷ್ಟು ಎಡಕ್ಕೆ ಹಿಡಿಯಲಿ ಅಂತ ಯೋಚಿಸುತ್ತಾ ನಿಂತೆನೇ ಹೊರತು ನಾನು ಎಷ್ಟು ಎತ್ತರದಲ್ಲಿದ್ದೇನೆ ಅಂತ ನೋಡಲಿಲ್ಲ. ಇಳಿಜಾರು 40 ಡಿಗ್ರಿ ಹತ್ತಿರ ಇತ್ತು. ಓರೆಯಾಗಿ ಅಳೆದರೆ 30 ಮೀಟರ್, ನಿಜ. ಆದರೆ ಡಾರ್ಟ್ ಎಷ್ಟು ಬೀಳುತ್ತದೆ ಅನ್ನುವ ಲೆಕ್ಕಕ್ಕೆ ಬೇಕಾದದ್ದು ಅಡ್ಡ ದೂರ, ಅಂದರೆ ಸುಮಾರು 23. ಅದನ್ನೇ ತೋರಿಸುವ ಮೋಡ್ ಆ ಯಂತ್ರದಲ್ಲೇ ಇತ್ತು. ಆಫ್ ಆಗಿತ್ತು, ಅಷ್ಟೇ.

ಡಾರ್ಟ್ ಕರಡಿಯ ಬೆನ್ನ ಮೇಲಿಂದ ಹಾದು ಕಲ್ಲಿಗೆ ಬಡಿಯಿತು. ಸೂಜಿ ಡೊಂಕಾಯಿತು. ಔಷಧಿ ಚಿರ್ರನೆ ಕಲ್ಲಿನ ಮೇಲೆ ಚಿಮ್ಮಿತು. ಜನ ಹೋ ಅಂದರು. ಕರಡಿ ತಿರುಗಿ ನೇರ ನನ್ನ ಕಡೆಗೇ ಮೂತಿ ಎತ್ತಿತು.

ತಪ್ಪಿದ್ದೇ ಒಳ್ಳೆಯದಾಯಿತು ಅಂತ ಆಮೇಲೆ ಅನ್ನಿಸಿತು. ಜಾಸ್ತಿ ಬಾರ್‌ನ ಡಾರ್ಟ್ ತಗುಲಿದ್ದರೆ ಸೂಜಿ ಮಾಂಸ ದಾಟಿ ಎಲುಬಿಗೇ ಪೆಟ್ಟು ಕೊಡಬಹುದಿತ್ತು. ಬೇಟೆಗಾರನಿಗೆ ಆ ಚಿಂತೆ ಇಲ್ಲ. ನಮಗೆ ಪ್ರಾಣಿ ಆಮೇಲೆ ಎದ್ದು ನಡೆಯಬೇಕಲ್ವಾ?

ಎರಡನೇ ಡಾರ್ಟ್‌ಗೆ ಪ್ರೆಶರ್ ಇಳಿಸಿದೆವು. ತೊಡೆಗೆ ಸರಿಯಾಗಿ ಕೂತಿತು. ಆದರೆ ಗದ್ದಲಕ್ಕೆ ಅದು ಆಗಲೇ ರೊಚ್ಚಿಗೆದ್ದಿತ್ತು. ಅಂಥ ಪ್ರಾಣಿಗೆ ಕೆಟಮಿನ್-ಝೈಲಜಿನ್ ಅನ್ನುವ ಅರಿವಳಿಕೆ ಔಷಧಿ ಬೇಗ ಹತ್ತುವುದಿಲ್ಲ. ತೂರಾಡುತ್ತಾ ಹೊಲದೊಳಗೆ ನುಗ್ಗಿದ್ದನ್ನು ದಂಟು ಸರಿಸುತ್ತಾ ಹುಡುಕಬೇಕಾಯಿತು. ಬಲೆ ಹಾಕಿದಾಗಲೂ ಕಿವಿ ಅಲ್ಲಾಡುತ್ತಿತ್ತು.

ವರದಿಯಲ್ಲಿ "ಗಾಳಿಯಿಂದ ಗುರಿ ತಪ್ಪಿತು ಅಂತ ಬರೆದುಬಿಡ್ರಿ" ಅಂದರು ಮೇಲಿನವರು. ನಾನು ಇಳಿಜಾರಿನ ವಿಷಯವನ್ನೇ ಬರೆದೆ. ಎತ್ತರದಿಂದ ಹೊಡೆದು ಕಲಿಯಲು ನೀರು ತುಂಬುವ ಡಾರ್ಟ್ ಒಂದಿಷ್ಟು ಕೊಡಿ ಅಂತಲೂ ಕೇಳಿದೆ. ಅದಕ್ಕೆ ಬಜೆಟ್ ಇಲ್ಲವಂತೆ. ಆಪ್‌ನ ಪೇಯ್ಡ್ ವರ್ಷನ್‌ಗೆ ಮಾತ್ರ ಮಂಜೂರಾತಿ ಬಂದಿದೆ.