ಮದುವೆ ಮೇಕಪ್ಪಿನ ಬಜೆಟ್: ಪ್ಯಾಕೇಜ್ ಬಿಡಿ, ತಲೆ ಮತ್ತು ಗಂಟೆ ಎಣಿಸಿ

ಮದುವೆ ಸೀಸನ್ ಹತ್ತಿರ ಬಂತು ಅಂದರೆ ನನಗೆ ಬರುವ ಫೋನುಗಳಲ್ಲಿ ಮೊದಲ ಪ್ರಶ್ನೆ ಒಂದೇ: "ಬ್ರೈಡಲ್ ಪ್ಯಾಕೇಜ್ ಎಷ್ಟಾಗುತ್ತೆ ಮೇಡಂ?" ಒಂದು ಮೊತ್ತ ಹೇಳಿದರೆ ಬರೆದಿಟ್ಟುಕೊಳ್ಳುತ್ತಾರೆ. ಇನ್ನೂ ನಾಲ್ಕು ಕಡೆ ವಿಚಾರಿಸುತ್ತಾರೆ. ಕಡಿಮೆ ಹೇಳಿದವರಿಗೆ ಅಡ್ವಾನ್ಸ್ ಹಾಕುತ್ತಾರೆ. ಮನೆಯ ಖರ್ಚಿನ ಪಟ್ಟಿಯಲ್ಲಿ ಛತ್ರ, ಅಡುಗೆಯವರು, ಫೋಟೋ, ಒಡವೆ ಎಲ್ಲದರ ಕೆಳಗೆ 'ಮೇಕಪ್' ಅಂತ ಒಂದು ಸಾಲು, ಅದರ ಮುಂದೆ ಆ ಮೊತ್ತ. ಮದುವೆ ಮುಗಿದ ಮೇಲೆ ನೋಡಿದರೆ ಆ ಸಾಲಿಗೆ ಒಂದೂವರೆ ಪಟ್ಟು, ಕೆಲವು ಸಲ ಎರಡು ಪಟ್ಟು ಹೋಗಿರುತ್ತದೆ.

ನಾನು ಮೈಸೂರಿನಲ್ಲಿದ್ದುಕೊಂಡು ಮದುವೆ ಹೆಣ್ಣಿನ ಅಲಂಕಾರದ ಕೆಲಸ ಮಾಡುತ್ತೇನೆ. ಮಂಡ್ಯ, ನಂಜನಗೂಡು, ಹುಣಸೂರು, ಚಾಮರಾಜನಗರದ ಛತ್ರಗಳಿಗೂ ಹೋಗುತ್ತೇನೆ. ಈ ಕೆಲಸದಲ್ಲಿ ನನಗೆ ಖಾತ್ರಿಯಾದ ಮಾತು ಇದು: ಮೇಕಪ್ಪಿನ ಲೆಕ್ಕವನ್ನು ಪ್ಯಾಕೇಜಿನ ಹೆಸರಲ್ಲಿ ಹಾಕಬಾರದು. ಎಷ್ಟು ತಲೆ, ಎಷ್ಟು ಗಂಟೆ ಅಂತ ಹಾಕಬೇಕು. ದುಡ್ಡು ಹೋಗುವುದೂ ಅಲ್ಲೇ, ಉಳಿಯುವುದೂ ಅಲ್ಲೇ.

ನಮ್ಮ ಕಡೆ ಮದುವೆ ಹೇಗೆ ನಡೆಯುತ್ತೆ ನೋಡಿ. ಹಿಂದಿನ ಸಂಜೆ ಆರತಕ್ಷತೆ. ಏಳು ಗಂಟೆಗೆ ಸ್ಟೇಜ್ ಹತ್ತಬೇಕು ಅಂದರೆ ಹುಡುಗಿ ನಾಲ್ಕಕ್ಕೆ ಕುರ್ಚಿಯಲ್ಲಿ ಕೂತಿರಬೇಕು. ಮೇಕಪ್, ಕೂದಲು, ಸೀರೆ, ಒಡವೆ ಎಲ್ಲ ಸೇರಿ ಎರಡೂವರೆ ಗಂಟೆ ಬೇಕು. ಫೋಟೋ, ಊಟ ಮುಗಿಸಿ ಅವಳು ರೂಮಿಗೆ ಬರುವಾಗ ಹನ್ನೊಂದೂವರೆ. ಮುಖ ತೊಳೆದು, ಕೂದಲಿನ ಪಿನ್ನುಗಳನ್ನೆಲ್ಲ ಬಿಚ್ಚಿ ಮಲಗುವಾಗ ಹನ್ನೆರಡು ದಾಟಿರುತ್ತದೆ. ಮುಹೂರ್ತ ಬೆಳಗ್ಗೆ ಏಳಕ್ಕೆ ಇದ್ದರೆ ಮೂರಕ್ಕೆಲ್ಲ ಮತ್ತೆ ಶುರು. ಅದಕ್ಕೂ ಮೊದಲು ಎಣ್ಣೆ ಶಾಸ್ತ್ರ, ಅರಿಶಿನ, ಮಂಗಳಸ್ನಾನ. ಎಣ್ಣೆ ಹಚ್ಚಿ ತಲೆಗೆ ನೀರು ಹಾಕಿದ ಉದ್ದ ಕೂದಲು ಒಣಗಿಸಲು ಡ್ರೈಯರ್ ಹಿಡಿದೇ ಅರ್ಧ ಗಂಟೆ ಬೇಕು. ಒದ್ದೆ ಕೂದಲಿಗೆ ಜಡೆ ಹೆಣೆದರೆ ಮೊಗ್ಗಿನ ಜಡೆ ನಿಲ್ಲುವುದಿಲ್ಲ, ಜಾರುತ್ತದೆ. ಈ ಅರ್ಧ ಗಂಟೆಯನ್ನು ಯಾವ ಪ್ಯಾಕೇಜೂ ಹೇಳುವುದಿಲ್ಲ. ಆದರೆ ಅದಕ್ಕೊಂದು ಜೊತೆ ಕೈ ಬೇಕು, ಆ ಕೈಗೆ ಸಂಬಳ ಕೊಡಬೇಕು.

ಶಾಸ್ತ್ರವನ್ನು ಕಡಿಮೆ ಮಾಡಿ ಅಂತ ನಾನು ಎಂದೂ ಹೇಳುವುದಿಲ್ಲ. ಅದು ಅವರ ಮನೆಯ ಸಂತೋಷ. ಮೊದಲೇ ತಿಳಿಸಿ ಅಂತ ಮಾತ್ರ ಕೇಳುತ್ತೇನೆ. ನೆತ್ತಿಗೆ ಎರಡು ಹನಿ ಎಣ್ಣೆ ಮುಟ್ಟಿಸಿ ಶಾಸ್ತ್ರ ಮುಗಿಸುವ ಮನೆಗಳಿವೆ, ಪೂರ್ತಿ ಎರೆಯುವ ಮನೆಗಳಿವೆ. ಕೆಲವರಲ್ಲಿ ಧಾರೆಗೆ ಮುಂಚೆ ಗಂಡಿನ ಕಡೆಯವರು ಕೊಟ್ಟ ಸೀರೆಗೆ ಬದಲಾಯಿಸಬೇಕು. ಹದಿನೈದು ನಿಮಿಷದಲ್ಲಿ, ಜಡೆ ಅಲುಗದಂತೆ, ಹೊಸ ರೇಷ್ಮೆ ಸೀರೆ ನೆರಿಗೆ ಹಿಡಿದು ಉಡಿಸಬೇಕು. ಹಾಗಾದರೆ ನಾವು ತಾಳಿ ಕಟ್ಟುವವರೆಗೂ ಅಲ್ಲಿರಬೇಕು. ಅಲ್ಲಿಗೆ ಇನ್ನೆರಡು ಗಂಟೆ. ಬುಕಿಂಗ್ ಮಾಡುವಾಗ ಕೇಳಿದರೆ ಹುಡುಗಿಗೆ ಗೊತ್ತಿರುವುದಿಲ್ಲ, ಅಮ್ಮನಿಗೋ ಅಜ್ಜಿಗೋ ಗೊತ್ತಿರುತ್ತದೆ. ಆದ್ದರಿಂದ ಮೊದಲ ಮಾತುಕತೆಗೆ ಮನೆಯ ಹಿರಿಯ ಹೆಂಗಸರೊಬ್ಬರು ಇರಲೇಬೇಕು ಅಂತ ನಾನು ಒತ್ತಾಯ ಮಾಡುತ್ತೇನೆ.

ಈಗ ತಲೆ ಲೆಕ್ಕಕ್ಕೆ ಬರೋಣ. ಬಜೆಟ್ ಮೀರುವುದು ಬಹುಪಾಲು ಇಲ್ಲಿಂದಲೇ. ಬುಕಿಂಗ್ ಆಗಿರುವುದು ಮದುವೆ ಹೆಣ್ಣಿಗೆ ಮಾತ್ರ. ಆರತಕ್ಷತೆ ದಿನ ಬಾಗಿಲಲ್ಲಿ ಚಿಕ್ಕಮ್ಮ ನಿಂತಿರುತ್ತಾರೆ. "ನಂದೂ ಒಂಚೂರು ಮಾಡ್ಬಿಡಮ್ಮ, ಜಾಸ್ತಿ ಏನ್ ಬೇಡ." ಅವರ ಹಿಂದೆ ಅತ್ತಿಗೆ, ಅವರ ಹಿಂದೆ ಕಾಲೇಜಿಗೆ ಹೋಗುವ ತಂಗಿ. ಆಸೆ ಪಡುವುದರಲ್ಲಿ ತಪ್ಪೇನೂ ಇಲ್ಲ, ಮನೆಯ ಮದುವೆ ಅಲ್ವಾ. ಆದರೆ 'ಒಂಚೂರು' ಅಂದರೂ ಒಬ್ಬರಿಗೆ ಅರ್ಧ ಗಂಟೆ ಬೇಕೇಬೇಕು. ಸೀರೆ ಉಡಿಸಿ, ತಲೆ ಬಾಚಿ ಹೂ ಮುಡಿಸಿದರೆ ಮುಕ್ಕಾಲು ಗಂಟೆ. ನಾಲ್ಕು ಜನರೆಂದರೆ ಮೂರು ಗಂಟೆ. ಆ ಮೂರು ಗಂಟೆ ಎಲ್ಲಿಂದ ಬರಬೇಕು? ಒಂದೋ ಹುಡುಗಿಯ ಸಮಯದಿಂದ, ಇಲ್ಲವೇ ಇನ್ನೊಬ್ಬ ಆರ್ಟಿಸ್ಟಿನಿಂದ. ಹುಡುಗಿಯ ಸಮಯ ಕಿತ್ತುಕೊಂಡರೆ ಅವಳ ಕೂದಲು ಅರ್ಧಂಬರ್ಧ ಆಗುತ್ತದೆ. ಇಷ್ಟೆಲ್ಲ ಖರ್ಚು ಮಾಡುವುದು ಅವಳಿಗಾಗಿ ತಾನೇ?

ಲೆಕ್ಕವನ್ನೇ ಬಿಡಿಸಿ ತೋರಿಸುತ್ತೇನೆ. ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗಿ, ಆರತಕ್ಷತೆ ಮತ್ತು ಮುಹೂರ್ತ ಎರಡಕ್ಕೂ ಮಾಡುವ ಒಂದು ಮಾದರಿ ಮದುವೆ ಅಂದುಕೊಳ್ಳಿ. ಹೆಣ್ಣಿಗೆ ಎರಡು ಅಲಂಕಾರಕ್ಕೆ 24,000 ರೂಪಾಯಿ. ಇದರಲ್ಲಿ ಮೇಕಪ್, ಕೂದಲು, ಸೀರೆ ಉಡಿಸುವುದು, ಸಹಾಯಕಿ ಎಲ್ಲ ಸೇರಿದೆ. ಮನೆಯವರ ಪಟ್ಟಿಯಲ್ಲಿರುವುದು ಇದೊಂದೇ ಮೊತ್ತ. ಈಗ ಕೂಡಿಸುತ್ತಾ ಹೋಗಿ. ಅಮ್ಮ, ತಂಗಿ, ಅತ್ತಿಗೆ, ಚಿಕ್ಕಮ್ಮ, ತಲಾ 2,500ರಂತೆ 10,000. ಬರೀ ಸೀರೆ ಉಡಿಸಿಕೊಳ್ಳುವ ಐದು ಜನ, ತಲಾ 500ರಂತೆ 2,500. ಮೊಗ್ಗಿನ ಜಡೆ ಮತ್ತು ಎರಡೂ ದಿನದ ಹೂ 4,500. ಕಾರಿನ ಖರ್ಚು 3,000. ಒಟ್ಟು 44,000. ಯಾರೂ ಮೋಸ ಮಾಡಿಲ್ಲ, ಯಾರೂ ಸುಳ್ಳು ಹೇಳಿಲ್ಲ. ಆದರೂ ಪಟ್ಟಿಯಲ್ಲಿರುವ ಮೊತ್ತಕ್ಕೂ ಇದಕ್ಕೂ 20,000 ರೂಪಾಯಿ ವ್ಯತ್ಯಾಸ. ಹುಡುಗಿಯ ಅಪ್ಪ ಮದುವೆ ಗಲಾಟೆಯ ಮಧ್ಯೆ ಅಷ್ಟು ದುಡ್ಡು ಹೊಂದಿಸಬೇಕು. ನನಗೆ ಸಂಕಟ ಆಗುವುದು ಅದಕ್ಕೇ.

ಇದನ್ನೇ ಒಂದು ತಿಂಗಳು ಮೊದಲು ಕೂತು ಬರೆದಿದ್ದರೆ ಇಳಿಸಲು ಜಾಗ ಇದೆ. ಅಮ್ಮ ಮತ್ತು ತಂಗಿಗೆ ಮಾತ್ರ ನಮ್ಮಿಂದ ಮೇಕಪ್ ಅಂದರೆ 5,000. ಅತ್ತಿಗೆ, ಚಿಕ್ಕಮ್ಮ ಅವರವರ ಊರಿನ ಪಾರ್ಲರಿನಲ್ಲಿ ಮುಗಿಸಿಕೊಂಡು ಬರಬಹುದು. ಸೀರೆ ಚೆನ್ನಾಗಿ ಉಡಿಸುವವರು ಎಲ್ಲ ಮನೆಯಲ್ಲೂ ಒಬ್ಬರಾದರೂ ಇರುತ್ತಾರೆ, ಅವರನ್ನು ಮೊದಲೇ ಕೇಳಿಕೊಂಡರೆ ಆ 2,500 ಪೂರ್ತಿ ಉಳಿಯುತ್ತದೆ. ಆರತಕ್ಷತೆಗೆ ಹೂ ಕಡಿಮೆ ಮಾಡಿ, ಮುಹೂರ್ತಕ್ಕೆ ಮಾತ್ರ ಜಡೆ ಅಂದರೆ ಹೂವಿಗೆ 3,000. ಕಾರಿನ ಖರ್ಚು ಹಾಗೇ ಇರಲಿ. ಈಗ ಒಟ್ಟು 35,000. ಹೆಣ್ಣಿನ ಅಲಂಕಾರದಲ್ಲಿ ಒಂದು ರೂಪಾಯಿಯನ್ನೂ ಕಡಿಮೆ ಮಾಡದೆ 9,000 ಉಳಿಯಿತು. ಬೆಂಗಳೂರಿನಲ್ಲಿ ದರ ಇದಕ್ಕಿಂತ ಜಾಸ್ತಿ ಇರಬಹುದು, ಸಣ್ಣ ಊರಿನಲ್ಲಿ ಕಡಿಮೆ ಇರಬಹುದು. ಕೂಡಿಸುವ ಬಗೆ ಮಾತ್ರ ಎಲ್ಲಾ ಕಡೆ ಇದೇ.

ಹೂವಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮೊಗ್ಗಿನ ಜಡೆ ಇಲ್ಲದೆ ಮುಹೂರ್ತ ಅನ್ನಿಸುವುದೇ ಇಲ್ಲ, ನನಗೂ ಅದು ತುಂಬಾ ಇಷ್ಟ. ಆದರೆ ಅದರ ಬೆಲೆ ತಿಂಗಳಿಗೆ ತಕ್ಕಂತೆ ಬದಲಾಗುತ್ತದೆ. ಮಲ್ಲಿಗೆ ಬೇಸಿಗೆಯಲ್ಲಿ ಧಾರಾಳವಾಗಿ ಬಿಡುತ್ತದೆ, ಚಳಿಗಾಲದಲ್ಲಿ ಇಳುವರಿ ಬಿದ್ದುಹೋಗುತ್ತದೆ. ಮಾಘ ಮಾಸದ ಮದುವೆಗಳು ಬರುವುದು ಜನವರಿ, ಫೆಬ್ರವರಿಯಲ್ಲಿ. ಆಗ ಹೂ ಕಡಿಮೆ, ಮದುವೆ ಜಾಸ್ತಿ. ದೇವರಾಜ ಮಾರ್ಕೆಟ್ಟಿನಲ್ಲಿ ಒಂದು ಮಾರು ಮಲ್ಲಿಗೆಗೆ ವೈಶಾಖದಲ್ಲಿ ಕೇಳುವ ಬೆಲೆಯೇ ಬೇರೆ, ಆಗ ಕೇಳುವ ಬೆಲೆಯೇ ಬೇರೆ. ಅದಕ್ಕೇ ನಾನು ಹೂವಿನ ದುಡ್ಡನ್ನು ನನ್ನ ಮೊತ್ತದಲ್ಲಿ ಸೇರಿಸುವುದಿಲ್ಲ. ಆ ವಾರದ ಬೆಲೆ, ಹೂವಿನವರು ಕೊಟ್ಟ ಚೀಟಿ, ಅಷ್ಟೇ. ಚಳಿಗಾಲದ ಮದುವೆಯಾದರೆ ಮಲ್ಲಿಗೆ ಜೊತೆ ಕನಕಾಂಬರ, ಸೇವಂತಿಗೆ ಸೇರಿಸಿ ಕಟ್ಟಿಸಿ ಅಂತ ಹೇಳುತ್ತೇನೆ. ನೋಡಲೂ ಚೆನ್ನ, ಬೇಗ ಬಾಡುವುದೂ ಇಲ್ಲ. ಕೃತಕ ಮೊಗ್ಗಿನ ಜಡೆ ಬಾಡಿಗೆಗೂ ಸಿಗುತ್ತದೆ. ದೂರದಿಂದ ಫೋಟೋದಲ್ಲಿ ಗೊತ್ತಾಗುವುದಿಲ್ಲ. ಆದರೆ ಹತ್ತಿರ ಬಂದವರಿಗೆ ಮಲ್ಲಿಗೆ ಘಮ ಸಿಗುವುದಿಲ್ಲ, ಅದನ್ನು ತಿಳಿದೇ ಆರಿಸಿ. ಕೂದಲು ತೆಳು ಇದ್ದರೆ ಚೌರಿ ಬೇಕು. ಬಾಡಿಗೆಯೋ ಕೊಳ್ಳಬೇಕೋ ಅಂತ ಮೊದಲೇ ಕೇಳಿ. ನನ್ನ ಅಭಿಪ್ರಾಯದಲ್ಲಿ ಕೊಳ್ಳುವುದೇ ವಾಸಿ. ತಲೆಗೆ ಹಾಕುವ ವಸ್ತು, ನಾಳೆ ಇನ್ನೊಂದು ಶುಭಕಾರ್ಯಕ್ಕೂ ಆಗುತ್ತದೆ.

ಎಚ್‌ಡಿ ಮೇಕಪ್, ಏರ್‌ಬ್ರಷ್ ಮೇಕಪ್ ಅಂತ ಎರಡು ದರ ಕೇಳಿರುತ್ತೀರಿ. ಏರ್‌ಬ್ರಷ್ ಅಂದರೆ ಫೌಂಡೇಶನ್ನನ್ನು ಸಣ್ಣ ಕಂಪ್ರೆಸರ್ ಗನ್ನಿನಿಂದ ತೆಳುವಾಗಿ ಸಿಂಪಡಿಸುವುದು. ಎಚ್‌ಡಿ ಅಂದರೆ ಹತ್ತಿರದ ಕ್ಯಾಮೆರಾಗೂ ಒರಟಾಗಿ ಕಾಣದಂಥ ಪ್ರಾಡಕ್ಟುಗಳನ್ನು ಕೈಯಲ್ಲಿ ಹಚ್ಚುವುದು. ಹೆಸರು ದೊಡ್ಡದಾದಷ್ಟೂ ದರ ಏರುತ್ತದೆ. ನಾನು ಎರಡೂ ಮಾಡುತ್ತೇನೆ, ಮತ್ತು ಹೆಚ್ಚಿನ ಹುಡುಗಿಯರಿಗೆ ದುಬಾರಿಯದ್ದು ಬೇಡ ಅಂತಲೇ ಹೇಳುತ್ತೇನೆ. ಒಣ ಚರ್ಮ ಇದ್ದವರಿಗೆ ಏರ್‌ಬ್ರಷ್ ಕೆಲವು ಸಲ ಪದರ ಪದರವಾಗಿ ಕಾಣುತ್ತದೆ. ಹಣೆಯ ಮೇಲೆ ಬೆವರು ಒರೆಸಿದಾಗ ಒಂದು ಕಡೆ ಎದ್ದುಹೋದರೆ ಅದನ್ನು ಸರಿಪಡಿಸುವುದೂ ಕಷ್ಟ. ಆ ಹೆಚ್ಚಿನ ದುಡ್ಡನ್ನು ಟ್ರಯಲ್‌ಗೆ, ಅಂದರೆ ಮದುವೆಗೆ ಮೊದಲೇ ಒಮ್ಮೆ ಮೇಕಪ್ ಮಾಡಿಸಿ ನೋಡುವುದಕ್ಕೆ ಹಾಕಿ.

ಟ್ರಯಲ್ ಬಗ್ಗೆ ಜನ ತುಂಬಾ ಚೌಕಾಸಿ ಮಾಡುತ್ತಾರೆ. "ಒಂದು ದಿನದ ಮೇಕಪ್ಪಿಗೆ ಟ್ರಯಲ್ ಬೇರೆ ಯಾಕೆ?" ಅನ್ನುತ್ತಾರೆ. ಇಡೀ ಬಜೆಟ್ಟಿನಲ್ಲಿ ಕಡಿಮೆ ಮಾಡಬಾರದ ಒಂದು ಖರ್ಚು ಇದ್ದರೆ ಅದು ಇದೇ. ಮದುವೆಗೆ ಒಂದು ತಿಂಗಳು ಮೊದಲು ಮಾಡಿಸಿ. ಧಾರೆ ಸೀರೆಯ ಬಣ್ಣಕ್ಕೆ ಹತ್ತಿರದ ಬಟ್ಟೆ ಹಾಕಿಕೊಂಡು ಬನ್ನಿ. ಮುಗಿದ ಮೇಲೆ ಬಿಸಿಲಲ್ಲಿ ಒಂದು, ಕತ್ತಲೆಯಲ್ಲಿ ಫ್ಲ್ಯಾಶ್ ಹಾಕಿ ಒಂದು ಫೋಟೋ ತೆಗೆಸಿ. ಕೆಲವು ಬಿಳಿ ಪೌಡರುಗಳು ಕಣ್ಣಿಗೆ ಸರಿಯಾಗಿ ಕಂಡರೂ ಫ್ಲ್ಯಾಶಿಗೆ ಮುಖದ ಮೇಲೆ ಬಿಳಿ ಮಚ್ಚೆಯಾಗಿ ಬೀಳುತ್ತವೆ. ಅದು ಮದುವೆ ಆಲ್ಬಮ್ಮಿನಲ್ಲಿ ಗೊತ್ತಾದರೆ ಏನು ಪ್ರಯೋಜನ? ಕಿವಿಯ ಹಿಂದೆ ಅಥವಾ ದವಡೆ ಹತ್ತಿರ ಸ್ವಲ್ಪ ಹಚ್ಚಿ ಒಂದೆರಡು ದಿನ ನೋಡುವುದೂ ಇದೇ ಸಮಯದಲ್ಲಿ ಆಗಬೇಕು. ಕಣ್ರೆಪ್ಪೆ ಅಂಟಿಸುವ ಗಮ್ ಕೆಲವರಿಗೆ ಆಗಿಬರುವುದಿಲ್ಲ. ಕಣ್ಣು ಊದಿದ ಹುಡುಗಿಯನ್ನು ಮುಹೂರ್ತದ ದಿನ ಯಾವ ಮೇಕಪ್ಪೂ ಕಾಪಾಡಲಾರದು.

ಪಾರ್ಲರಿನ ಖರ್ಚನ್ನೂ ಇದೇ ಸಾಲಿಗೆ ಬರೆಯಿರಿ. ಫೇಶಿಯಲ್ಲನ್ನು ಹದಿನೈದು ದಿನ ಮೊದಲು ಮುಗಿಸಿ, ಹೊಸದೊಂದನ್ನು ಪ್ರಯೋಗ ಮಾಡಲು ಮದುವೆ ವಾರ ಸರಿಯಾದ ಸಮಯ ಅಲ್ಲ. ಥ್ರೆಡಿಂಗ್ ಮೂರು ದಿನ ಮೊದಲು ಸಾಕು. ಅರಿಶಿನ ಶಾಸ್ತ್ರದಲ್ಲಿ ಮುಖಕ್ಕೆ ಹಚ್ಚುವುದನ್ನು ತೆಳುವಾಗಿ ಹಚ್ಚಿ, ಬೇಗ ತೊಳೆಯಿರಿ. ಚರ್ಮಕ್ಕೆ ಹಿಡಿದ ಹಳದಿಯ ಮೇಲೆ ಫೌಂಡೇಶನ್ ಬಣ್ಣ ಹೊಂದಿಸುವುದು ನಮಗೆ ತುಂಬಾ ಕಷ್ಟ.

ನಮ್ಮ ದರ ಯಾಕೆ ಇಷ್ಟು ಅಂತ ಕೇಳುವವರಿಗೆ ನಾನು ಬೇಜಾರಿಲ್ಲದೆ ಹೇಳುತ್ತೇನೆ. ತೆರೆದ ಮಸ್ಕರಾವನ್ನು ಮೂರರಿಂದ ಆರು ತಿಂಗಳಿಗೆ ಎಸೆಯಬೇಕು. ಫೌಂಡೇಶನ್ ಡಬ್ಬಿಯ ಹಿಂದೆ ತೆರೆದ ಮುಚ್ಚಳದ ಚಿಕ್ಕ ಚಿತ್ರದೊಳಗೆ 12 ಅಂತ ಇದ್ದರೆ, ತೆರೆದ ಮೇಲೆ ಹನ್ನೆರಡು ತಿಂಗಳು ಅಷ್ಟೇ. ಸ್ಪಂಜು, ರೆಪ್ಪೆ ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗಿಲ್ಲ. ಆಷಾಢದಲ್ಲಿ ಕೆಲಸ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಸಹಾಯಕಿಯ ಮನೆ ಮಾತ್ರ ಹನ್ನೆರಡು ತಿಂಗಳೂ ನಡೆಯಬೇಕು. ತೀರಾ ಕಡಿಮೆ ದರ ಹೇಳಿದವರ ಪೆಟ್ಟಿಗೆಯನ್ನು ಟ್ರಯಲ್ ದಿನ ತೆರೆಸಿ ನೋಡಿ. ಡಬ್ಬಿಯ ಮೇಲಿನ ತಾರೀಖು ನೋಡುವುದು ಅವಮಾನ ಅಲ್ಲ, ನಿಮ್ಮ ಹಕ್ಕು.

ಕೊನೆಗೆ ಬರವಣಿಗೆ. ಬಾಯಿಮಾತಿನಲ್ಲಿ ನಿಲ್ಲಿಸಬೇಡಿ. ದೊಡ್ಡ ಕರಾರುಪತ್ರ ಬೇಡ, ಒಂದು ವಾಟ್ಸಾಪ್ ಮೆಸೇಜ್ ಸಾಕು. ಯಾವ ತಾರೀಖು, ಯಾವ ಛತ್ರ, ಎಷ್ಟು ಗಂಟೆಗೆ ಬರಬೇಕು, ಎಷ್ಟು ಜನ, ಅವರ ಹೆಸರು, ಯಾರಿಗೆ ಏನು, ಹೂ ಯಾರದ್ದು, ರಾತ್ರಿ ಉಳಿಯಲು ರೂಮ್ ಇದೆಯಾ, ಸೇರಿಕೊಂಡ ಒಬ್ಬೊಬ್ಬರಿಗೆ ಎಷ್ಟು, ಮದುವೆ ಮುಂದಕ್ಕೆ ಹೋದರೆ ಅಡ್ವಾನ್ಸ್ ಏನಾಗುತ್ತದೆ. ನೋಂದಣಿ ಇರುವ ದೊಡ್ಡ ಸ್ಟುಡಿಯೋ ಆದರೆ ಜಿಎಸ್‌ಟಿ ಸೇರಿದೆಯಾ ಅಂತಲೂ ಕೇಳಿ. 2025ರ ಸೆಪ್ಟೆಂಬರ್ 22ರಿಂದ ಸಲೂನ್ ಮತ್ತು ಬ್ಯೂಟಿ ಸೇವೆಗಳ ಮೇಲಿನ ತೆರಿಗೆ ಶೇಕಡ 18ರಿಂದ 5ಕ್ಕೆ ಇಳಿದಿದೆ. ಛತ್ರದ ರೂಮಿನಲ್ಲಿ ಬೆಳಕು ಹೇಗಿದೆ, ಪ್ಲಗ್ ಪಾಯಿಂಟ್ ಎಷ್ಟಿವೆ ಅಂತ ಒಂದು ಫೋಟೋ ಕಳಿಸಿದರೆ ನಾವು ಲೈಟು, ಎಕ್ಸ್‌ಟೆನ್ಷನ್ ಬೋರ್ಡ್ ತರುತ್ತೇವೆ.

ದುಡ್ಡಿನ ಮಾತಿಗೆ ಮನೆಯ ಒಬ್ಬರನ್ನೇ ಗೊತ್ತು ಮಾಡಿ. ಅಣ್ಣನೋ, ಸೋದರಮಾವನೋ, ಯಾರಾದರೂ ಸರಿ. ಬಾಕಿಯನ್ನು ಆರತಕ್ಷತೆ ರಾತ್ರಿಯೇ ಅವರ ಜೊತೆ ಕೂತು ಮುಗಿಸಿಬಿಡುತ್ತೇನೆ. ಹೊಸದಾಗಿ ಸೇರಿದ ತಲೆಗಳಿದ್ದರೆ ದುಡ್ಡಿನ ಮಾತಿಗೆ ಗೊತ್ತು ಮಾಡಿದ ಆ ಒಬ್ಬರನ್ನೇ ಕೇಳುತ್ತೇನೆ, ಅವರು ಹೂಂ ಅಂದರೆ ಮಾತ್ರ ಮಾಡುತ್ತೇನೆ. ಬೆಳಗಿನ ಜಾವ ಮೂರಕ್ಕೆ ಹುಡುಗಿ ಕುರ್ಚಿಯಲ್ಲಿ ಕೂತ ಮೇಲೆ ಆ ರೂಮಿನಲ್ಲಿ ಯಾರೂ ಲೆಕ್ಕದ ಮಾತು ಎತ್ತಬಾರದು ಅಂತ ಸಹಾಯಕಿಯರಿಗೂ ಹೇಳಿಟ್ಟಿದ್ದೇನೆ.