ಏಳಕ್ಷರದ ಪದ, ಆರನೆಯದರ ಮೇಲೆ ಒತ್ತು

ಕ್ರಾಕುಫ್ ನಗರದಲ್ಲಿ ಪೋಲಿಷ್ ಕಲಿಯತೊಡಗಿದ ಮೊದಲ ಚಳಿಗಾಲದ ಒಂದು ಸಂಜೆ, ಶಿಕ್ಷಕಿ ಹಲಗೆಯ ಮೇಲೆ 21 ರೋಮನ್ ಅಕ್ಷರಗಳ ಒಂದೇ ಪದವನ್ನು (dwudziestopięciolecie) ಬರೆದು ನನ್ನನ್ನು ಓದಲು ಕರೆದರು. ಇಪ್ಪತ್ತೈದು ವರ್ಷ ತುಂಬಿದ ಸಂದರ್ಭವನ್ನು ಹೇಳುವ ಆ ಪದದಲ್ಲಿ ‘ಇಪ್ಪತ್ತು’, ‘ಐದು’, ‘ವರ್ಷ’ ಮೂರೂ ಬೆಸೆದುಕೊಂಡಿವೆ. ಕಣ್ಣಿಗೆ ಕಂಡ 11 ಸ್ವರಗಳನ್ನೂ ಬಿಡಿಬಿಡಿಯಾಗಿ ಉಚ್ಚರಿಸಿದೆ, ಪದ ಚೂರುಚೂರಾಯಿತು.

‘ಇ’ಕಾರದ ಮುಂದೆ ಮತ್ತೊಂದು ಸ್ವರವಿದ್ದರೆ, ಪೋಲಿಷ್‌ನ ದೇಶೀ ಪದಗಳಲ್ಲಿ ಆ ‘ಇ’ ತಾನಾಗಿ ನುಡಿಯದೆ ಹಿಂದಿನ ವ್ಯಂಜನವನ್ನು ಮೆದುಗೊಳಿಸುವ ಗುರುತಾಗಿ ಮಾತ್ರ ನಿಲ್ಲುತ್ತದೆ ಎಂದು ಅವರು ವಿವರಿಸಿದರು. ಕೇಳಿದ್ದನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡೆ: ದ್ವು-ಜೆ-ಸ್ತೊ-ಪ್ಯೆಂ-ಚೊ-ಲೆ-ಚೆ. ನಾಲ್ಕು ‘ಇ’ಗಳು ತಾವಾಗಿಯೇ ಕರಗಿ ಉಚ್ಚಾರದ ಏಳೇ ಅಕ್ಷರಗಳು ಉಳಿದವು. ನಮ್ಮ ಲಿಪಿ ಅಕ್ಷರವನ್ನು ಉಸಿರಿನ ಅಳತೆಗೆ ಕತ್ತರಿಸಿ ಕೊಡುತ್ತದೆ ಎಂಬುದು ಅಂದು ನನಗೆ ಮೊದಲ ಬಾರಿಗೆ ಕಣ್ಣಿಗೆ ಕಂಡಿತು, ಆ ಸಂತೋಷ ಇಂದಿಗೂ ಹಸಿಯಾಗಿದೆ.

ಒತ್ತಿನ ವಿಚಾರದಲ್ಲಿ (ಒತ್ತಕ್ಷರವಲ್ಲ, ದನಿಯ ಒತ್ತು) ಅದೇ ಅಭ್ಯಾಸ ದಾರಿ ತಪ್ಪಿಸಿತು. ಶಾಲೆಯಲ್ಲಿ ಕಲಿತ ಛಂದಸ್ಸಿನ ಪ್ರಕಾರ ಪ್ರಸ್ತಾರ ಹಾಕಿದರೆ, ಮುಂದೆ ಒತ್ತಕ್ಷರವಿರುವ ‘ಜೆ’ ಮತ್ತು ‘ಸ್ತೊ’, ಸೊನ್ನೆ ಹೊತ್ತ ‘ಪ್ಯೆಂ’ ಗುರುಗಳು, ಉಳಿದವೆಲ್ಲ ಲಘು. ನನ್ನ ನಾಲಿಗೆ ಆ ನಡುವಿನ ಗುರುಗಳ ಮೇಲೆಯೇ ಭಾರ ಹಾಕಿತು. ಪೋಲಿಷ್ ಅಕ್ಷರದ ತೂಕವನ್ನು ನೋಡುವುದೇ ಇಲ್ಲ. ಕೊನೆಯಿಂದ ಎರಡನೆಯದನ್ನು ಎಣಿಸುತ್ತದೆ, ಅಷ್ಟೆ. ಮುಖ್ಯ ಒತ್ತು ಲಘುವಾದ ‘ಲೆ’ಯ ಮೇಲೆ ಬೀಳುತ್ತದೆ, ಇಂತಹ ಉದ್ದದ ಪದಗಳಲ್ಲಿ ಅದಕ್ಕಿಂತ ಹಗುರಾದ ಒತ್ತೊಂದು ಆರಂಭದ ಕಡೆಯೂ ಕೇಳಿಸುವುದುಂಟು. ‘ಉನಿವೆರ್ಸಿತೆತ್’ನಂತಹ ಕೆಲವು ಎರವಲು ಪದಗಳಲ್ಲಿ ಒತ್ತು ಕೊನೆಯಿಂದ ಮೂರನೆಯದಕ್ಕೆ ಸರಿಯುತ್ತದೆ.

ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ್ದು ವಿಭಕ್ತಿ. ‘ಇಪ್ಪತ್ತೈದು ವರ್ಷದ’ ಎಂಬರ್ಥದ ‘ದ್ವುಜೆಸ್ತೊಪ್ಯೆಂಚೊಲೆತ್ನಿ’ಯಲ್ಲಿ ಒತ್ತು ‘ಲೆತ್’ ಮೇಲಿದೆ. ಷಷ್ಠಿಯಲ್ಲಿ ಕೊನೆ ‘ಲೆತ್ನ್ಯೆಗೊ’ ಆದೊಡನೆ ಅದು ‘ನ್ಯೆ’ಗೆ ಜಾರುತ್ತದೆ. ಪ್ರತ್ಯಯ ನಮ್ಮಲ್ಲಿಯೂ ಕೊನೆಗೇ ಸೇರುತ್ತದೆ, ಆದರೆ ‘ಮನೆ’ ಎಂಬುದು ‘ಮನೆಯವರಿಗೆ’ ಎಂದು ಬೆಳೆದರೂ ನಾನು ‘ಮ’ದ ಮೇಲಿನ ಹಿಡಿತ ಬಿಡುವುದಿಲ್ಲ. ಇಲ್ಲಿ ಬಾಯಿ ತೆರೆಯುವ ಮೊದಲೇ ಪದದ ಕೊನೆ ಗೊತ್ತಿರಬೇಕು.

ಅದಕ್ಕಾಗಿ ಶಿಕ್ಷಕಿ ಪದವನ್ನು ಹಿಂದಿನಿಂದ ಕಟ್ಟಲು ಕಲಿಸಿದರು. ಮನೆಗೆ ಮರಳುವ ಟ್ರಾಮ್‌ನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಮೆಲ್ಲಗೆ ಹೇಳಿಕೊಳ್ಳುತ್ತ ಹೋದೆ: ಲೆಚೆ, ಚೊಲೆಚೆ, ಪ್ಯೆಂಚೊಲೆಚೆ. ‘ದ್ವು’ ತಲುಪುವಷ್ಟರಲ್ಲಿ ನಾನಿಳಿಯುವ ನಿಲ್ದಾಣ ಬಂದಿತ್ತು.