ಇಲಿಗೂ ಒಂದು ಎಡೆ

2024 ಅಕ್ಟೋಬರ್ 17, ಗುರುವಾರ
ಸಾಗರದ ಹತ್ತಿರ, ಅಮ್ಮನ ಮನೆ

ಇವತ್ತು ಭೂಮಿ ಹುಣ್ಣಿಮೆ, ಗದ್ದೆಗೆ ಹೋಗಿ ಭೂಮಿತಾಯಿಗೆ ಊಟ ಹಾಕುವ ಹಬ್ಬ. ರಾತ್ರಿಯೆಲ್ಲಾ ಅಡುಗೆ ಮನೆಯಲ್ಲೇ ಕಳೆಯಿತು. ಬೆಳಗಿನ ಜಾವ ಗದ್ದೆಗೆ ಹೋಗಿ ಬಂದದ್ದಾಯಿತು. ಈಗ ಎಲ್ಲರೂ ಉಂಡು ಮಲಗಿದ್ದಾರೆ, ನನಗೆ ಮಾತ್ರ ನಿದ್ದೆ ಬರುತ್ತಿಲ್ಲ. ಮಗಳು ಕೇಳಿದ ಒಂದು ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿದೆ. ಬರೆದರೆ ಇಳಿದೀತೇನೋ.

ನಾವಿಬ್ಬರೂ ಕುಪ್ಪಳಿಯಲ್ಲಿ ಮಂತ್ರ ಮಾಂಗಲ್ಯದ ರೀತಿ ಮದುವೆಯಾದವರು. ಪುರೋಹಿತರಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆ ಇಲ್ಲ. ಮಗಳು ಹುಟ್ಟಿದಾಗ ದೇವರು ಧರ್ಮ ಅಂತ ನಾವಾಗಿ ಏನೂ ತುಂಬುವುದು ಬೇಡ, ದೊಡ್ಡವಳಾದ ಮೇಲೆ ಅವಳೇ ನೋಡಿಕೊಳ್ಳಲಿ ಅಂದುಕೊಂಡೆವು. ಶಿವಮೊಗ್ಗದ ನಮ್ಮ ಬಾಡಿಗೆ ಮನೆಯಲ್ಲಿ ದೇವರ ಕೋಣೆ ಇದೆ. ಅದರಲ್ಲಿ ಇಸ್ತ್ರಿ ಟೇಬಲ್ ಇದೆ. ಗಂಡ ವಕೀಲ. ಯಾರಾದರೂ ನೆಂಟರು ಮಗುವಿಗೆ ನಾಲ್ಕು ಶ್ಲೋಕನಾದ್ರೂ ಕಲಿಸಿ ಅಂದರೆ, ಪೂರ್ತಿ ಸರ್ಕಾರದ ದುಡ್ಡಿನಲ್ಲಿ ನಡೆಯುವ ಶಾಲೆಯಲ್ಲೇ ಧರ್ಮಬೋಧನೆ ಕೂಡದು ಅಂತ ಸಂವಿಧಾನದ 28ನೇ ವಿಧಿ ಹೇಳುತ್ತದೆ ಎಂದು ಶುರು ಮಾಡುತ್ತಾನೆ. ನಮ್ಮನೆ ಸರ್ಕಾರದ ದುಡ್ಡಲ್ಲಿ ನಡೀತಿಲ್ವಲ್ಲ ಮಾರಾಯ ಅಂತ ನಾನೇ ಒಮ್ಮೆ ಅಂದಿದ್ದೆ. ಮುಖ ಊದಿಸಿಕೊಂಡ.

ನಾವು ತುಂಬದಿದ್ದರೆ ಮಗುವಿನ ತಲೆ ಖಾಲಿ ಇರುತ್ತದೆ ಅಂದುಕೊಂಡದ್ದೇ ತಪ್ಪಾಯಿತು.

ಕಳೆದ ಜೂನ್‌ನಲ್ಲಿ ಒಂದು ರಾತ್ರಿ ಹೊದಿಕೆ ಸರಿಮಾಡಲು ಹೋದೆ. ಇವಳು ಕತ್ತಲಲ್ಲಿ ಎದ್ದು ಕೂತು ಗಲ್ಲ ಗಲ್ಲ ಬಡಿದುಕೊಳ್ಳುತ್ತಿದ್ದಳು, ಎಣಿಸಿಕೊಂಡು. ಎಂತ ಮಾಡ್ತಿದೀಯ ಅಂದರೆ ಬಾಯಿ ಬಿಡಲಿಲ್ಲ. ಮೂರು ದಿನ ಬಿಟ್ಟು ಹೇಳಿದಳು. ಶಾಲೆಯಲ್ಲಿ ಯಾರೋ ನಿಮ್ಮದು ಯಾವ ದೇವರು ಅಂತ ಕೇಳಿದ್ದಾರೆ, ಇವಳು ನಮ್ಮನೇಲಿ ದೇವರಿಲ್ಲ ಅಂದಿದ್ದಾಳೆ. ಹಾಗೆ ಅಂದವರ ಅಪ್ಪ ಅಮ್ಮನನ್ನು ದೇವರು ಕರೆದುಕೊಂಡು ಹೋಗ್ತಾನಂತೆ, ದಿನಾ 21 ಸಲ ತಪ್ಪಾಯ್ತು ಅಂದರೆ ಬಿಡ್ತಾನಂತೆ. ಎಂಟು ವರ್ಷದ ಮಗು ನಮ್ಮ ಪ್ರಾಣ ಉಳಿಸಲು ತಿಂಗಳಿಡೀ ನಿದ್ದೆಗೆಟ್ಟಿತ್ತು. ನಾವು ಪಕ್ಕದ ಕೋಣೆಯಲ್ಲಿ ಅವಳ ಸ್ವಾತಂತ್ರ್ಯ ಕಾಪಾಡಿಕೊಂಡು ಗೊರಕೆ ಹೊಡೆಯುತ್ತಿದ್ದೆವು.

ಶಾಲೆಯಲ್ಲಿ ಹಾಗೆ ಹೇಳಿದ ಮಗುವಿನ ಮೇಲೆ ನನಗೆ ಸಿಟ್ಟಿಲ್ಲ, ಅದಕ್ಕೂ ಯಾರೋ ಹೇಳಿರಬೇಕು. ಆದರೆ ಈ ಹೆದರಿಕೆಯ ದೇವರಿದ್ದಾನಲ್ಲ, ಊಟ ಮಾಡದಿದ್ದರೆ ಕಣ್ಣು ಕೀಳುವ, ಸುಳ್ಳು ಹೇಳಿದರೆ ನಾಲಿಗೆ ಕೊಯ್ಯುವ ದೇವರು, ಅವನನ್ನು ಮಕ್ಕಳ ಹತ್ತಿರ ಬಿಟ್ಟುಕೊಳ್ಳಬಾರದು ಅನ್ನುವುದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಅವನು ದೊಡ್ಡವರ ಸೋಮಾರಿತನಕ್ಕೆ ಹುಟ್ಟಿದವನು.

ಆಮೇಲೆ ಒಂದಿಷ್ಟು ತಿರುಗಾಡಿದೆವು. ಕೆಳದಿ, ಇಕ್ಕೇರಿಯ ದೇವಸ್ಥಾನಗಳು, ಶಿವಮೊಗ್ಗದ ದೊಡ್ಡ ಚರ್ಚು. ಹಣಗೆರೆಕಟ್ಟೆಗೂ ಹೋದೆವು. ಅಲ್ಲಿ ಒಂದೇ ಸೂರಿನಡಿ ದರ್ಗಾವೂ ಇದೆ, ಭೂತರಾಯ ಚೌಡೇಶ್ವರಿಯೂ ಇದ್ದಾಳೆ. ಇಲ್ಲಿಗೆ ಬರುವವರು ಯಾವ ಜಾತಿ ಅಂತ ಕೇಳಿದಳು, ಎಲ್ಲರೂ ಅಂದೆ. ಹಾಗಾದ್ರೆ ಹೊರಗೆ ಯಾಕೆ ಜಗಳ ಅಂದಳು. ಕಾರು ಹತ್ತು ಅಂದೆ. ಎಲ್ಲದಕ್ಕೂ ನನ್ನ ಹತ್ತಿರ ಉತ್ತರ ಇರಲ್ಲ.

ಭೂಮಿ ಹುಣ್ಣಿಮೆಗೆ ಮಾತ್ರ ಇಷ್ಟು ವರ್ಷ ಕರೆತಂದಿರಲಿಲ್ಲ. ಈ ಸಲ ದಸರಾ ರಜೆ ಇತ್ತು, ಬಂದೆವು. ನಿನ್ನೆ ಸಂಜೆ ಅಮ್ಮ ಭೂಮಣ್ಣಿ ಬುಟ್ಟಿ, ಗದ್ದೆಗೆ ಎಡೆ ಹೊತ್ತೊಯ್ಯುವ ಬುಟ್ಟಿ, ಇಳಿಸಿದಾಗ ಇವಳು ಬಾಯಿ ಬಿಟ್ಟುಕೊಂಡು ನೋಡಿದಳು. ಕೆಮ್ಮಣ್ಣಿನ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಗೆರೆಗಳ ಚಿತ್ತಾರ. ಮಹಾನವಮಿಯಿಂದ ಕೂತು ಬರೆದದ್ದು, ಅಮ್ಮನ ಕೈ ಈಗ ನಡುಗುತ್ತದೆ, ಒಂದು ಮೂಲೆಯಲ್ಲಿ ಗೆರೆ ಸೊಟ್ಟಗಿತ್ತು. ಅಲ್ಲೇ ಇವಳಿಗೂ ಒಂದು ಗೆರೆ ಎಳೆಯಲು ಬಿಟ್ಟರು.

ರಾತ್ರಿ ಸೊಪ್ಪು ಹೆಚ್ಚಿದ್ದೇ ಹೆಚ್ಚಿದ್ದು. ನೂರೊಂದು ಕುಡಿ ಅಂತ ಲೆಕ್ಕ. ನಮ್ಮ ಕೈಲಿ ಎಷ್ಟಾಯಿತೋ, ಎಣಿಸಿದ್ದು ಇವಳೊಬ್ಬಳೇ, 34ಕ್ಕೆ ನಿದ್ದೆ ಹೋದಳು. ಭತ್ತ ಹೊಡೆ ತುಂಬಿ ನಿಂತಿರುವ ಕಾಲ ಇದು, ಭೂಮಿ ಬಸುರಿ, ಬಸುರಿಗೆ ಬಯಕೆ ಊಟ ಹಾಕಬೇಕು ಅಂತ ಅಮ್ಮ ಅವಳಿಗೆ ಹೇಳುತ್ತಿದ್ದರು. ಪಕ್ಕದ ಮನೆ ಸೊಸೆಗೆ ಸೀಮಂತ ಅಂತ ಹೇಳುವ ದನಿಯಲ್ಲೇ.

ಬೆಳಗಿನ ಜಾವ ನಾಲ್ಕಕ್ಕೆ ಎಬ್ಬಿಸಿದೆವು. ಅಣ್ಣ ಬುಟ್ಟಿ ಹೊತ್ತ, ಮುಂದೆ ಜಾಗಟೆ, ಹಿಂದೆ ನಾವು ಟಾರ್ಚು ಹಿಡಿದು. ಬೆಳದಿಂಗಳು, ಅಂಚಿನ ಮೇಲೆ ಇಬ್ಬನಿ, ಕಾಲು ಜಾರುತ್ತಿತ್ತು. ಅಣ್ಣ ಚರಗ, ಅಂದರೆ ಗದ್ದೆಗೆ ಎರಚುವ ಸೊಪ್ಪಿನ ಅಡುಗೆ, ಬೀರುತ್ತಾ ಹಚ್ಚಂಬಲಿ ಹಾಲಂಬಲಿ ಅಂತ ಕೂಗಿದರೆ ಇವಳು ಅವನಿಗಿಂತ ಜೋರು. ಗದ್ದೆಯಲ್ಲಿ ಪೂಜೆಯಾದ ಮೇಲೆ ಎಡೆ ಹಾಕಿದರು. ಒಂದು ಭೂಮಿತಾಯಿಗೆ, ಒಂದು ಕಾಗೆಗೆ, ಒಂದು ಇಲಿಗೆ.

“ಇಲಿ ಭತ್ತ ತಿನ್ನಲ್ವಾ ಅಜ್ಜಿ? ಅದಕ್ಯಾಕೆ ಊಟ?”

“ತಿಂತದೆ. ಮತ್ತೆಂತ ಮಾಡ್ತದೆ, ಅದಕ್ಕೂ ಹೊಟ್ಟೆ ಇಲ್ವನೇ?”

ಅಷ್ಟೇ. ಅಮ್ಮ ಕೈ ಮುಗಿದು ಕಣ್ಣು ಮುಚ್ಚಿದರು. ಇವಳೂ ಮುಚ್ಚಿದಳು, ಒಂದು ಕಣ್ಣು ಮಾತ್ರ. ಇನ್ನೊಂದರಲ್ಲಿ ನನ್ನನ್ನೇ ನೋಡುತ್ತಿದ್ದಳು. ವಾಪಸ್ ಬರುವಾಗ ಕೈ ಹಿಡಿದುಕೊಂಡು ಮೆಲ್ಲಗೆ ಕೇಳಿದಳು: “ಅಜ್ಜಿಗೆ ಭೂಮಿತಾಯಿ ನಿಜವಾಗ್ಲೂ ಇದ್ದಾಳೆ. ನಿಂಗೆ ಇದ್ದಾಳಾ?”

ಗಂಡ ಆಗಿದ್ದರೆ ಇದೆಲ್ಲಾ ಸಂಸ್ಕೃತಿ ಪುಟ್ಟಾ, ರೈತರ ಹಬ್ಬ ಅನ್ನುತ್ತಿದ್ದ. ನಾನೂ ಹಾಗೆ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಅಮ್ಮ ಅಲ್ಲಿ ಸಂಸ್ಕೃತಿಗೆ ಕೈ ಮುಗಿಯುತ್ತಿರಲಿಲ್ಲ. ಆ ಹೆಂಗಸಿಗೆ ಕಾಲಡಿಯಲ್ಲಿ ಒಬ್ಬಳು ಬಸುರಿ ಇದ್ದಾಳೆ, ಅವಳಿಗೆ ಹಸಿವಾಗುತ್ತದೆ. ಅದನ್ನು ಮಗುವಿನ ಮುಂದೆ ಸಣ್ಣದು ಮಾಡಲು ನನಗೆ ಮನಸ್ಸಾಗಲಿಲ್ಲ, ನನಗೂ ಹಾಗೇ ಅಂತ ಸುಳ್ಳು ಹೇಳಲೂ ಆಗಲಿಲ್ಲ.

ನಂಗೆ ಗೊತ್ತಿಲ್ಲ ಅಂದೆ. ಸಣ್ಣವಳಿದ್ದಾಗ ಇದ್ದಳು, ಆಮೇಲೆ ಇಲ್ಲ ಅನ್ನಿಸಿತು, ಇವತ್ತು ಕತ್ತಲಲ್ಲಿ ಸ್ವಲ್ಪ ಹೊತ್ತು ಇದ್ದ ಹಾಗಿತ್ತು. ಅಪ್ಪನಿಗೆ ಇಲ್ಲ. ಹಂಗಂತ ಅಪ್ಪನಿಗೆ ಯಾರೂ ಏನೂ ಮಾಡಲ್ಲ.

“21 ಸಲ ಹೇಳೋದು ಬೇಡ್ವಾ?”

“ಒಂದು ಸಲಾನೂ ಬೇಡ.”

ಎಂಟು ವರ್ಷ ತಡವಾಗಿ ಹೇಳಿದೆ ಅನ್ನಿಸಿತು. ಅವಳು ಸ್ವಲ್ಪ ದೂರ ಸುಮ್ನೆ ನಡೆದಳು. ಏನು ಅಂದುಕೊಂಡಳೋ ಗೊತ್ತಿಲ್ಲ, ಆಮೇಲೆ ಕಡುಬಿನ ಮಾತು ತೆಗೆದಳು. ಎಡೆಯ ಕಡುಬೊಂದನ್ನು ಅಣ್ಣ ಗದ್ದೆಯಲ್ಲಿ ಹೂತಿದ್ದಾನೆ, ಕೊಯ್ಲಿನ ಹೊತ್ತಿಗೆ ತೆಗೆಯಬೇಕು. ಅಷ್ಟರೊಳಗೆ ಇಲಿ ಅದನ್ನೂ ತಿಂದಿರುತ್ತದೆ ಅಂತ ಇವಳು, ಇಲ್ಲ ಅಂತ ಅಣ್ಣ. ಹತ್ತು ರೂಪಾಯಿ ಬೆಟ್ಟು ಕಟ್ಟಿದ್ದಾರೆ. ಕೊಯ್ಲು ಯಾವ ವಾರ ಅಂತ ಅಮ್ಮ ಎದ್ದ ಮೇಲೆ ಕೇಳಬೇಕು, ಶಾಲೆಗೆ ರಜೆ ಹಾಕಿಸಬೇಕಲ್ಲ.